ಪ್ರವಾದಿ ಜನ್ಮದಿನ ಮತ್ತು ಉಮ್ಮನ ಎರಡು ತೆಂಗಿನ ಮರಗಳು

ರಬೀಉಲ್ ಅವ್ವಲ್ ತಿಂಗಳ ಚಂದ್ರ ಕಾಣಿಸಿದ ಮರುದಿನದಿಂದಲೇ ನಮ್ಮ ಕರಾವಳಿಯಲ್ಲಿ ಎರಡು ಬಗೆಯ ಕರಪತ್ರಗಳು ಓಡಾಡತೊಡಗುತ್ತವೆ. ಈಗ ಅವು ಕಾಗದದಲ್ಲಿರುವುದಕ್ಕಿಂತ ಮೊಬೈಲಿನಲ್ಲಿರುವುದೇ ಹೆಚ್ಚು. ಪ್ರವಾದಿ ಮುಹಮ್ಮದ್(ಸ)ರ ಜನ್ಮದಿನ ಆಚರಿಸದವರಿಗೆ ಪ್ರವಾದಿಪ್ರೇಮವೇ ಇಲ್ಲವೆಂದು ಒಂದರಲ್ಲಿ ಬರೆದಿರುತ್ತದೆ. ಆಚರಿಸುವವರೆಲ್ಲ ದಾರಿ ತಪ್ಪಿದವರೆಂದು ಇನ್ನೊಂದರಲ್ಲಿ. ಎರಡರಲ್ಲೂ ಅರಬಿ ಉದ್ಧರಣೆಗಳಿರುತ್ತವೆ, ಎರಡರಲ್ಲೂ ಹಿಂದಿನ ಕಾಲದ ದೊಡ್ಡ ವಿದ್ವಾಂಸರ ಹೆಸರುಗಳಿರುತ್ತವೆ. ಕೆಲವೊಮ್ಮೆ ಎರಡು ಕರಪತ್ರಗಳೂ ಒಬ್ಬರೇ ವಿದ್ವಾಂಸರ ಒಂದೇ ಪುಟವನ್ನು ಹರಿದು ಅರ್ಧರ್ಧ ಹಂಚಿಕೊಂಡಂತೆ ಕಾಣುವುದುಂಟು. ಅದರ ಬಗ್ಗೆ ಮುಂದೆ ಹೇಳುತ್ತೇವೆ.

ಮುಸ್ಲಿಮೇತರ ಗೆಳೆಯರಿಗೆ ಈ ಜಗಳ ಅರ್ಥವಾಗುವುದಿಲ್ಲ. ನಮ್ಮ ಸಹೋದ್ಯೋಗಿಯೊಬ್ಬರು ಒಂದು ವರ್ಷ ಕಚೇರಿಯಲ್ಲಿದ್ದ ಇಬ್ಬರು ಮುಸ್ಲಿಮರಿಗೆ ಹಬ್ಬದ ಶುಭಾಶಯ ಹೇಳಿದರು. ಒಬ್ಬರು ಕೈಕುಲುಕಿ ಸಿಹಿ ಕೊಟ್ಟರು. ಇನ್ನೊಬ್ಬರು "ನಮ್ಮಲ್ಲಿ ಅದು ಇಲ್ಲ" ಎಂದು ಫೈಲಿನೊಳಗೆ ಮುಖ ಹುದುಗಿಸಿದರು. ಆ ಗೆಳೆಯರು ನಮ್ಮ ಹತ್ತಿರ ಬಂದು ಕೇಳಿದರು: "ನಿಮ್ಮ ಪ್ರವಾದಿಯ ಹುಟ್ಟುಹಬ್ಬಕ್ಕೆ ನಿಮ್ಮವರೇ ಯಾಕೆ ಸಿಟ್ಟಾಗುತ್ತಾರೆ?" ಬಸವ ಜಯಂತಿ, ಕನಕ ಜಯಂತಿ, ವಾಲ್ಮೀಕಿ ಜಯಂತಿ ಎಂದು ವರ್ಷವಿಡೀ ಜಯಂತಿಗಳಿರುವ ನಾಡಿನಲ್ಲಿ ಇದು ಸಹಜ ಪ್ರಶ್ನೆ. ನಾವು ಕ್ಯಾಂಟೀನಿನ ಚಹಾ ಮುಗಿಯುವಷ್ಟರಲ್ಲಿ ಉತ್ತರಿಸಲು ನೋಡಿದೆವು, ಆಗಲಿಲ್ಲ. ಏಕೆಂದರೆ ಈ ಪ್ರಶ್ನೆಯ ಎರಡು ಉತ್ತರಗಳೂ ನಮ್ಮ ಮನೆಯಲ್ಲೇ ಒಂದೇ ಬಟ್ಟಲಿನಲ್ಲಿ ಉಂಡು ಬೆಳೆದಿವೆ.

ಇಸ್ಲಾಮ್ ವಿಧಿಸಿದ ಹಬ್ಬಗಳು ಎರಡೇ. ಒಂದು ರಮಝಾನಿನ ಉಪವಾಸ ಮುಗಿದ ಬಳಿಕದ ಈದುಲ್ ಫಿತ್ರ್, ಇನ್ನೊಂದು ಹಜ್ಜ್‌ನ ಕಾಲದ ಈದುಲ್ ಅಝ್‌ಹಾ. ಈ ಬಗ್ಗೆ ಯಾರಿಗೂ ತಕರಾರಿಲ್ಲ. ಮೀಲಾದುನ್ನಬಿ, ಅಂದರೆ ಪ್ರವಾದಿಯವರ ಜನ್ಮದಿನ, ಈ ಪಟ್ಟಿಯಲ್ಲಿ ಇಲ್ಲ. ಪ್ರವಾದಿಯವರಾಗಲಿ ಅವರ ಸಹಾಬಿಗಳಾಗಲಿ ಅದನ್ನು ವಾರ್ಷಿಕ ಹಬ್ಬವಾಗಿ ಆಚರಿಸಲಿಲ್ಲ. ಧರ್ಮದಲ್ಲಿ ಇಲ್ಲದ್ದನ್ನು ಹೊಸದಾಗಿ ಸೇರಿಸುವುದಕ್ಕೆ ಬಿದ್ಅತ್ ಎನ್ನುತ್ತಾರೆ. ಹಾಗಾದರೆ ಮೀಲಾದ್ ಬಿದ್ಅತ್ತೇ? ಆಗಿದ್ದರೆ ಎಲ್ಲ ಬಿದ್ಅತ್ತೂ ಕೆಟ್ಟದ್ದೇ? ಜಗಳವೆಲ್ಲ ಈ ಎರಡು ಪ್ರಶ್ನೆಗಳ ಸುತ್ತ ಸುತ್ತುತ್ತದೆ.

ನಾವು ಮದ್ರಸದಲ್ಲಿ ಓದುತ್ತಿದ್ದ ಕಾಲದಲ್ಲಿ ಇಂಥ ಪ್ರಶ್ನೆಗಳು ನಮ್ಮೂರಿಗೆ ಬಂದಿರಲಿಲ್ಲ. ಮೀಲಾದಿಗೆ ಒಂದು ವಾರವಿರುವಾಗ ಉಸ್ತಾದರು ಬೆತ್ತ ಕೆಳಗಿಡುತ್ತಿದ್ದರು. ಅದೇ ನಮಗೆ ಹಬ್ಬದ ಮೊದಲ ಸೂಚನೆ. ಹಸಿರು ಕಾಗದವನ್ನು ತ್ರಿಕೋನವಾಗಿ ಕತ್ತರಿಸಿ, ಮೈದಾ ಗಂಜಿ ಹಚ್ಚಿ, ಸುತಲಿ ದಾರಕ್ಕೆ ಅಂಟಿಸುವ ಕೆಲಸ ದೊಡ್ಡ ಹುಡುಗರದ್ದು. ಚಿಕ್ಕವರಿಗೆ ಹಾಡಿನ ತರಬೇತಿ. ಹಾಡುಗಳು ಅರಬಿ ಮಲಯಾಳದಲ್ಲಿರುತ್ತಿದ್ದವು, ಕೆಲವು ಬ್ಯಾರಿ ಭಾಷೆಯಲ್ಲಿ, ನಂತರದ ವರ್ಷಗಳಲ್ಲಿ ಒಂದೆರಡು ಕನ್ನಡದಲ್ಲೂ ಬಂದವು. ಭಾಷಣ ಬಾಯಿಪಾಠ ಮಾಡುವುದು ಎಲ್ಲಕ್ಕಿಂತ ಕಷ್ಟದ ಕೆಲಸ. ವೇದಿಕೆ ಹತ್ತಿ "ಮಾನ್ಯ ಅಧ್ಯಕ್ಷರೇ" ಎಂದ ಮೇಲೆ ಉಳಿದದ್ದೆಲ್ಲ ಮರೆತು ಅಳುತ್ತ ಇಳಿಯುವ ಹುಡುಗ ಪ್ರತಿ ವರ್ಷವೂ ಒಬ್ಬ ಇದ್ದೇ ಇರುತ್ತಿದ್ದ. ಅವನಿಗೂ ಒಂದು ಸ್ಟೀಲ್ ಲೋಟ ಸಿಗುತ್ತಿತ್ತು.

ಬೆಳಿಗ್ಗೆ ದಫ್ ಬಡಿಯುತ್ತ, ಸ್ವಲಾತ್ ಹೇಳುತ್ತ ಮೆರವಣಿಗೆ ಹೊರಡುತ್ತಿತ್ತು. ಮದ್ರಸದಿಂದ ಬಸ್ ನಿಲ್ದಾಣದವರೆಗೆ ಹೋಗಿ ವಾಪಸ್ಸು, ಅಷ್ಟೇ. ದಾರಿಯಲ್ಲಿ ಮಿಠಾಯಿ ಕೊಡುವವರು, ಶರಬತ್ತು ಕೊಡುವವರು. ಬಸ್ ನಿಲ್ದಾಣದ ಎದುರಿನ ದಿನಸಿ ಅಂಗಡಿಯ ಶೆಣೈ ಮಾಮ ಪ್ರತಿ ವರ್ಷ ಬೆಲ್ಲದ ಪಾನಕ ಮಾಡಿಸುತ್ತಿದ್ದರು. ಯಾರೂ ಅವರನ್ನು ಕೇಳುತ್ತಿರಲಿಲ್ಲ, ಅವರೂ ಯಾರಿಗೂ ಹೇಳುತ್ತಿರಲಿಲ್ಲ. ಅದನ್ನು ಯಾರೂ ಸೌಹಾರ್ದವೆಂದು ಕರೆದದ್ದು ನಮಗೆ ನೆನಪಿಲ್ಲ. ಆ ಪದ ನಮ್ಮೂರಿಗೆ ಬಂದದ್ದು ಪಾನಕ ನಿಂತ ಮೇಲೆ.

ಆದರೆ ಮೆರವಣಿಗೆ ಹಬ್ಬದ ಸಣ್ಣ ಭಾಗ. ದೊಡ್ಡದು ಮನೆಯೊಳಗಿನ ಮೌಲೂದ್. ರಬೀಉಲ್ ಅವ್ವಲಿನ ಮೊದಲ ಹನ್ನೆರಡು ರಾತ್ರಿಗಳಲ್ಲಿ ಒಂದೊಂದು ರಾತ್ರಿ ಒಂದೊಂದು ಮನೆ. ಊದಿನ ಕಡ್ಡಿಯ ಹೊಗೆ, ನೆಲದ ಮೇಲೆ ಚಾಪೆ, ಮಧ್ಯದಲ್ಲಿ ಹಳೆಯ ಮೌಲೂದ್ ಕಿತಾಬು. ನಮ್ಮಲ್ಲಿ ಓದುತ್ತಿದ್ದದ್ದು ಹೆಚ್ಚಾಗಿ ಮನ್‌ಖೂಸ್ ಮೌಲೂದ್. ಅದನ್ನು ಪೊನ್ನಾನಿಯ ಹಿರಿಯ ಝೈನುದ್ದೀನ್ ಮಖ್ದೂಮರು ರಚಿಸಿದರೆಂದೂ, ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಓದಲೆಂದು ಬರೆದುಕೊಟ್ಟರೆಂದೂ ಪ್ರತೀತಿ. ಮಖ್ದೂಮರು 16ನೆಯ ಶತಮಾನದ ಆರಂಭದಲ್ಲಿ ತೀರಿಕೊಂಡವರು. ಕೆಲವು ಮನೆಗಳಲ್ಲಿ 18ನೆಯ ಶತಮಾನದಲ್ಲಿ ಮದೀನಾದಲ್ಲಿದ್ದ ಜಅಫರ್ ಅಲ್ ಬರ್ಝಂಜಿಯವರ ಮೌಲೂದ್ ಓದುತ್ತಿದ್ದರು. ಎರಡೂ ಅರಬಿ ಕೃತಿಗಳು. ಗದ್ಯ, ನಡುವೆ ಪದ್ಯ. ಓದುವವರಿಗೂ ಕೇಳುವವರಿಗೂ ಪೂರ್ತಿ ಅರ್ಥವಾಗುತ್ತಿತ್ತು ಎಂದು ಹೇಳಲಾರೆವು. ಆದರೆ ಆಮಿನಾರ ಮಗು ಹುಟ್ಟುವ ಸಂದರ್ಭ ಬಂದಾಗ ಎಲ್ಲರೂ ಎದ್ದು ನಿಲ್ಲುತ್ತಿದ್ದರು, ಮುದುಕಿಯರ ಕಣ್ಣಲ್ಲಿ ನೀರಿರುತ್ತಿತ್ತು. ಬಳಿಕ ತುಪ್ಪದನ್ನ, ಇಲ್ಲವಾದರೆ ಚೀರ್ಣಿ. ಬಡವರ ಮನೆಯಲ್ಲಿ ಬರೀ ಖರ್ಜೂರ ಮತ್ತು ಕಪ್ಪು ಚಹಾ.

ನಮ್ಮ ಮನೆಯ ಮೌಲೂದಿನ ಖರ್ಚಿಗೆಂದು ಉಮ್ಮ ಹಿತ್ತಿಲಿನ ಎರಡು ತೆಂಗಿನ ಮರಗಳನ್ನು ಬೇರೆ ಇಟ್ಟಿದ್ದರು. ನಮ್ಮ ತಂಗಿಗೆ ಎಳವೆಯಲ್ಲಿ ಜ್ವರ ನೆತ್ತಿಗೇರಿದಾಗ ಮಾಡಿಕೊಂಡ ಹರಕೆ ಅದು. ಆ ಎರಡು ಮರಗಳ ಕಾಯಿಯನ್ನು ಮನೆಯ ಅಡುಗೆಗೆ ಮುಟ್ಟುವಂತಿರಲಿಲ್ಲ. ಮಾರಿ ಬಂದ ಹಣ ಒಂದು ಹಾರ್ಲಿಕ್ಸ್ ಬಾಟಲಿಗೆ ಬೀಳುತ್ತಿತ್ತು. ವರ್ಷಕ್ಕೊಮ್ಮೆ ಬಾಟಲಿ ಖಾಲಿ ಮಾಡಿ ಅಕ್ಕಿ, ತುಪ್ಪ, ಮಾಂಸ ತರುತ್ತಿದ್ದರು. ಮನೆಯಲ್ಲಿ ಕೈ ಖಾಲಿಯಿದ್ದ ವರ್ಷಗಳಲ್ಲೂ ಆ ಬಾಟಲಿಗೆ ಯಾರೂ ಕೈಹಾಕಲಿಲ್ಲ.

ನಮ್ಮ ಅಣ್ಣ 1990ರ ದಶಕದ ಮಧ್ಯಭಾಗದಲ್ಲಿ ಜಿದ್ದಾಕ್ಕೆ ಹೋದವನು. ಹನ್ನೊಂದು ವರ್ಷ ಅಲ್ಲಿದ್ದ. ಪ್ರವಾದಿಯವರು ಹುಟ್ಟಿದ ಮಕ್ಕಾ ಮತ್ತು ಅವರು ವಿಶ್ರಮಿಸಿರುವ ಮದೀನಾ ಎರಡೂ ಇರುವ ಆ ದೇಶದಲ್ಲಿ ಅವರ ಜನ್ಮದಿನಕ್ಕೆ ರಜೆ ಇಲ್ಲ, ಸಭೆ ಇಲ್ಲ. ಅಲ್ಲಿನ ವಿದ್ವಾಂಸರು, ಮುಖ್ಯವಾಗಿ 1999ರಲ್ಲಿ ನಿಧನರಾದ ಶೈಖ್ ಇಬ್ನ್ ಬಾಝ್, ಮೀಲಾದ್ ಆಚರಣೆ ಬಿದ್ಅತ್ ಎಂದು ಸ್ಪಷ್ಟವಾಗಿ ಫತ್ವಾ ಕೊಟ್ಟಿದ್ದಾರೆ. ಮಕ್ಕಾದಲ್ಲಿ ಪ್ರವಾದಿಯವರು ಹುಟ್ಟಿದ ಮನೆಯಿತ್ತೆಂದು ನಂಬಲಾದ ಜಾಗದಲ್ಲಿ ಈಗಿರುವುದು ಒಂದು ಗ್ರಂಥಾಲಯ. ಅಣ್ಣ ಅದನ್ನು ಕಂಡು ಬಂದು ಉಮ್ಮನಿಗೆ ಹೇಳಿದ: "ಅಲ್ಲಿ ಯಾರೂ ಏನೂ ಮಾಡುವುದಿಲ್ಲ ಉಮ್ಮಾ. ಪೊಲೀಸರು ನಿಲ್ಲಲೂ ಬಿಡುವುದಿಲ್ಲ." ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಸ್ತಕ ಇಟ್ಟಿದ್ದಾರಲ್ಲ, ಒಳ್ಳೆಯದಾಯಿತು" ಎಂದರು. ಆ ವರ್ಷವೂ ಮೌಲೂದ್ ನಡೆಯಿತು. ಅಣ್ಣ ಅಂದು ಗೆಳೆಯನ ಮನೆಗೆ ಹೋಗಿದ್ದ.

ಅಣ್ಣನ ವಾದ ಹಗುರವಾದದ್ದಲ್ಲ. ಅವನು ನಮ್ಮ ಹತ್ತಿರ ಮತ್ತೆ ಮತ್ತೆ ಹೇಳುವ ಒಂದು ಮಾತಿದೆ. ಎರಡನೆಯ ಖಲೀಫ ಉಮರ್(ರ)ರ ಕಾಲದಲ್ಲಿ, ಕ್ರಿ.ಶ. 638ರ ಸುಮಾರಿಗೆ, ಮುಸ್ಲಿಮರಿಗೆ ಒಂದು ಪಂಚಾಂಗ ಬೇಕಾಯಿತು. ವರ್ಷದ ಎಣಿಕೆಯನ್ನು ಎಲ್ಲಿಂದ ಶುರುಮಾಡುವುದು ಎಂದು ಸಮಾಲೋಚನೆ ನಡೆದಾಗ ಪ್ರವಾದಿಯವರ ಜನನ, ಪ್ರವಾದಿತ್ವ, ಹಿಜ್ರಾ, ನಿಧನ ಇವೆಲ್ಲ ಮುಂದೆ ಇದ್ದವು ಎಂದು ವರದಿಗಳು ಹೇಳುತ್ತವೆ. ಅವರನ್ನು ಕಣ್ಣಾರೆ ಕಂಡಿದ್ದ ಆ ಜನ ಆರಿಸಿಕೊಂಡದ್ದು ಹಿಜ್ರಾವನ್ನು, ಮಕ್ಕಾ ಬಿಟ್ಟು ಮದೀನಾಕ್ಕೆ ಹೋದ ಘಟನೆಯನ್ನು. ಜಗತ್ತಿನ ಬಹುಭಾಗ ಇಂದು ಒಂದು ಜನನದಿಂದ ವರ್ಷ ಎಣಿಸುತ್ತದೆ. ನಮ್ಮದು ಒಂದು ಪ್ರಯಾಣದಿಂದ. ಜನನಕ್ಕೆ ವಿಶೇಷ ಸ್ಥಾನ ಕೊಡಬೇಕೆಂದಿದ್ದರೆ ಸಹಾಬಿಗಳಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿತ್ತು ಎನ್ನುವುದು ಅಣ್ಣನ ಪ್ರಶ್ನೆ. ನಮ್ಮಲ್ಲಿ ಇದಕ್ಕೆ ಉತ್ತರವಿಲ್ಲ.

ದಿನಾಂಕದ ಗೊಂದಲ ಬೇರೆ. ಆನೆಯ ವರ್ಷದಲ್ಲಿ, ಅಂದರೆ ಕ್ರಿ.ಶ. 570ರ ಸುಮಾರಿಗೆ, ಒಂದು ಸೋಮವಾರ ಪ್ರವಾದಿಯವರು ಹುಟ್ಟಿದರೆಂಬುದರಲ್ಲಿ ಬಹುತೇಕ ಒಮ್ಮತವಿದೆ. ತಾರೀಕು ಮಾತ್ರ ರಬೀಉಲ್ ಅವ್ವಲ್ 2, 8, 9, 10, 12 ಎಂದು ಬೇರೆ ಬೇರೆ. ಶಿಯಾಗಳು 17 ಎನ್ನುತ್ತಾರೆ. ಈಜಿಪ್ಟಿನ ಖಗೋಳಜ್ಞ ಮಹ್ಮೂದ್ ಪಾಷಾ 19ನೆಯ ಶತಮಾನದಲ್ಲಿ ಲೆಕ್ಕಹಾಕಿ 9 ಎಂದರು. ಇನ್ನೂ ಒಂದು ತೊಡಕಿದೆ. ಹಿಜ್ರಾ 11ರಲ್ಲಿ ಅವರು ನಿಧನರಾದದ್ದೂ ಇದೇ ತಿಂಗಳ 12ರಂದು ಎಂಬುದು ಹೆಚ್ಚು ಪ್ರಸಿದ್ಧ ಅಭಿಪ್ರಾಯ. ಉರ್ದು ಮಾತನಾಡುವ ಕಡೆಗಳಲ್ಲಿ ಹಿರಿಯರು ಈ ದಿನವನ್ನು ಬಾರಾ ವಫಾತ್ ಎಂದೇ ಕರೆಯುತ್ತಿದ್ದರು. ವಫಾತ್ ಎಂದರೆ ಮರಣ. ಮರಣದ ದಿನವಾಗಿ ಗೌರವದಿಂದ ಇದ್ದದ್ದು ಜನನದ ದಿನವಾಗಿ ಸಡಗರಕ್ಕೆ ಬಂದದ್ದು ಹೇಗೆಂದು ಯಾರಾದರೂ ಅಧ್ಯಯನ ಮಾಡಿದರೆ ಒಳ್ಳೆಯ ಪುಸ್ತಕವಾದೀತು.

ಇನ್ನು ಚರಿತ್ರೆ. ಮೀಲಾದಿನ ದೊಡ್ಡ ಆಚರಣೆಯ ಹಳೆಯ ವಿವರಗಳು ಸಿಗುವುದು ಕೈರೋದ ಫಾತಿಮಿ ಆಸ್ಥಾನದಲ್ಲಿ, 12ನೆಯ ಶತಮಾನದ ಆರಂಭದಲ್ಲಿ. ಅಲ್ಲಿ ಪ್ರವಾದಿಯವರದ್ದಲ್ಲದೆ ಅಲಿ, ಫಾತಿಮಾ, ಹಸನ್, ಹುಸೈನ್(ರ) ಮತ್ತು ಆಳುತ್ತಿರುವ ಖಲೀಫನ ಜನ್ಮದಿನವೂ ನಡೆಯುತ್ತಿತ್ತು ಎಂದು ಇತಿಹಾಸಕಾರ ಮಕ್ರೀಝಿ ಬರೆಯುತ್ತಾರೆ. ಆಳುವ ದೊರೆ ತನ್ನ ಹುಟ್ಟುಹಬ್ಬವನ್ನು ಯಾವ ಸಾಲಿನಲ್ಲಿ ಸೇರಿಸಿಕೊಂಡ ನೋಡಿ! ಅರಮನೆಯಿಂದ ಸಿಹಿ ಹಂಚುತ್ತಿದ್ದರು. ಈಜಿಪ್ಟಿನಲ್ಲಿ ಮೀಲಾದಿಗೆ ಸಕ್ಕರೆಯ ಗೊಂಬೆ, ಸಕ್ಕರೆಯ ಕುದುರೆ ಸವಾರ ಮಾಡುವ ವಾಡಿಕೆ ಇಂದಿಗೂ ಇದೆ.

ಸುನ್ನಿ ಲೋಕದಲ್ಲಿ ಅದನ್ನು ದೊಡ್ಡದಾಗಿ ಮಾಡಿದವನು ಇಂದಿನ ಇರಾಕಿನ ಇರ್ಬಿಲ್ ನಗರದ ದೊರೆ ಮುಝಫ್ಫರುದ್ದೀನ್ ಗೋಕ್‌ಬೋರಿ. ಸಲಾಹುದ್ದೀನ್ ಅಯ್ಯೂಬಿಯ ತಂಗಿಯ ಗಂಡ, 1233ರಲ್ಲಿ ತೀರಿಕೊಂಡವನು. ಅದೇ ಊರಿನಲ್ಲಿ ಹುಟ್ಟಿದ ಇಬ್ನ್ ಖಲ್ಲಿಕಾನ್ ಅದನ್ನು ವಿವರವಾಗಿ ಬರೆದಿದ್ದಾರೆ. ಮರದ ಬಹು ಅಂತಸ್ತಿನ ಮಂಟಪಗಳು, ಗಾಯಕರು, ದೂರದೂರಿಂದ ಬಂದ ಸೂಫಿಗಳು, ಉಪದೇಶಕರು, ಕವಿಗಳು, ಔತಣಕ್ಕೆ ಲೆಕ್ಕವಿಲ್ಲದ ಒಂಟೆ, ದನ, ಕುರಿಗಳು. ಆ ದಾರಿಯಲ್ಲಿ ಹಾದುಹೋದ ಸ್ಪೇನಿನ ವಿದ್ವಾಂಸ ಇಬ್ನ್ ದಿಹ್ಯಾ ಮೀಲಾದಿನ ಮೇಲೆ ಒಂದು ಪುಸ್ತಕ ಬರೆದು ಓದಿದಾಗ ದೊರೆ ಸಾವಿರ ದೀನಾರ್ ಕೊಟ್ಟ. ಆದರೆ ನಮಗೆ ಇಷ್ಟವಾದ ವಿವರ ಬೇರೆಯದು. ದಿನಾಂಕದ ಬಗ್ಗೆ ಭಿನ್ನಾಭಿಪ್ರಾಯವಿದ್ದ ಕಾರಣ ಆ ದೊರೆ ಒಂದು ವರ್ಷ ತಿಂಗಳ 8ರಂದು, ಮರುವರ್ಷ 12ರಂದು ಆಚರಿಸುತ್ತಿದ್ದ.

ಮೀಲಾದನ್ನು ವಿರೋಧಿಸುವವರು ಇಲ್ಲಿಗೆ ನಿಲ್ಲಿಸಿ, "ನೋಡಿ, ದೊರೆಗಳು ಮಾಡಿದ ಹಬ್ಬ" ಎನ್ನುತ್ತಾರೆ. ಅದು ಪೂರ್ತಿ ನಿಜವಲ್ಲ. ದೊರೆಗಳ ಗದ್ದಲವಿಲ್ಲದೆಯೂ ಜನರಲ್ಲಿ ಭಕ್ತಿಯಿತ್ತು. 1183ರಲ್ಲಿ ಮಕ್ಕಾಕ್ಕೆ ಬಂದ ಯಾತ್ರಿಕ ಇಬ್ನ್ ಜುಬೈರ್, ಪ್ರವಾದಿಯವರು ಹುಟ್ಟಿದ ಮನೆಯನ್ನು ರಬೀಉಲ್ ಅವ್ವಲಿನ ಸೋಮವಾರಗಳಲ್ಲಿ ಜನರಿಗೆ ತೆರೆಯುತ್ತಿದ್ದುದನ್ನು ದಾಖಲಿಸಿದ್ದಾರೆ. ಹದೀಸ್ ಶಾಸ್ತ್ರದ ದೊಡ್ಡ ಹೆಸರಾದ ಇಬ್ನ್ ಹಜರ್ ಅಸ್ಖಲಾನಿ(ನಿಧನ 1449) ಆಶೂರಾ ಉಪವಾಸವನ್ನು ಆಧಾರವಾಗಿಟ್ಟುಕೊಂಡರು. ಮೂಸಾ(ಅ)ರು ಫಿರ್‌ಔನ್‌ನಿಂದ ಪಾರಾದ ದಿನ ಕೃತಜ್ಞತೆಯಿಂದ ಯಹೂದಿಯರು ಉಪವಾಸವಿದ್ದುದನ್ನು ಕಂಡು ಪ್ರವಾದಿಯವರೂ ಉಪವಾಸವಿದ್ದರಲ್ಲ, ಹಾಗಾದರೆ ಒಂದು ಅನುಗ್ರಹ ಸಿಕ್ಕಿದ ದಿನ ದೇವನಿಗೆ ಕೃತಜ್ಞತೆ ಸಲ್ಲಿಸುವುದಕ್ಕೆ ಬುಡವಿದೆ ಎಂದು ಅವರ ತರ್ಕ. ಸುಯೂತಿ(ನಿಧನ 1505) ಇದೇ ವಿಷಯಕ್ಕೆ ಒಂದು ಪುಸ್ತಿಕೆ ಬರೆದು ಇದು ಒಳ್ಳೆಯ ಬಿದ್ಅತ್ ಎಂದರು. ಅವರಿಗಿಂತ ಸುಮಾರು 150 ವರ್ಷ ಮೊದಲಿದ್ದ ಮಾಲಿಕಿ ವಿದ್ವಾಂಸ ಫಾಕಿಹಾನಿ ಇದನ್ನು ಖಂಡಿಸಿದ್ದಕ್ಕೆ ಅವರು ಆ ಪುಸ್ತಿಕೆಯಲ್ಲಿ ಉತ್ತರ ಕೊಟ್ಟರು. ಅಂದರೆ ಈ ಜಗಳ ನಮ್ಮ ಕಾಲದ್ದಲ್ಲ, ಗಲ್ಫಿನ ದುಡ್ಡಿನೊಂದಿಗೆ ಬಂದದ್ದೂ ಅಲ್ಲ.

ಹರಿದ ಪುಟದ ಮಾತಿಗೆ ಬರೋಣ. ಡಮಾಸ್ಕಸಿನ ಇಬ್ನ್ ತೈಮಿಯ್ಯಾ(ನಿಧನ 1328) ಮೀಲಾದ್ ವಿರೋಧಿಗಳಿಗೆ ಅತಿ ಮುಖ್ಯ ಪ್ರಮಾಣ. ಅವರು ಇದನ್ನು ಬಿದ್ಅತ್ ಎಂದದ್ದು, ಪೂರ್ವಜರು ಇದನ್ನು ಮಾಡಲಿಲ್ಲ ಎಂದದ್ದು ನಿಜ. ಆದರೆ ಅದೇ ಚರ್ಚೆಯಲ್ಲಿ, ಪ್ರವಾದಿಯವರ ಮೇಲಿನ ಪ್ರೀತಿ ಗೌರವದಿಂದ ಮಾಡುವವನಿಗೆ ಅವನ ಸದುದ್ದೇಶಕ್ಕಾಗಿ ದೊಡ್ಡ ಪ್ರತಿಫಲವೂ ಸಿಗಬಹುದು ಎಂದೂ ಅವರು ಹೇಳುತ್ತಾರೆ. ಒಂದು ಕರಪತ್ರದವರು ಮೊದಲರ್ಧ ಮುದ್ರಿಸುತ್ತಾರೆ, ಇನ್ನೊಂದರವರು ಎರಡನೆಯರ್ಧ. ನಾವು ಅಣ್ಣನಿಗೆ ಪೂರ್ತಿ ಪುಟ ತೋರಿಸಿದ್ದೇವೆ. ಅವನು ಎರಡು ಸಲ ಓದಿ, "ಪ್ರತಿಫಲ ಉದ್ದೇಶಕ್ಕೆ, ಕೆಲಸಕ್ಕಲ್ಲ" ಎಂದ. ಅದೂ ಸರಿಯಾದ ಓದೇ.

ಉಮ್ಮ 2009ರಲ್ಲಿ ತೀರಿಕೊಂಡರು. ಆ ವರ್ಷದ ರಬೀಉಲ್ ಅವ್ವಲಿಗೆ ಹಾರ್ಲಿಕ್ಸ್ ಬಾಟಲಿಯಲ್ಲಿ ಹಣವಿತ್ತು, ಅದನ್ನೇನು ಮಾಡುವುದೆಂದು ನಾವು ಮಕ್ಕಳು ಕೂತು ಮಾತಾಡಬೇಕಾಯಿತು. ಧರ್ಮದಲ್ಲಿ ಇಲ್ಲದ ಕೆಲಸಕ್ಕೆ ಮಾಡಿದ ಹರಕೆ ಬದ್ಧವಲ್ಲ, ಅನಾಥಾಲಯಕ್ಕೆ ಕೊಡೋಣ, ಪ್ರವಾದಿಯವರೂ ಅನಾಥರೇ ಅಲ್ಲವೇ ಎಂದು ಅಣ್ಣ. ತಂದೆ ಹುಟ್ಟುವ ಮೊದಲೇ ಹೋದರು, ತಾಯಿ ಆರು ವರ್ಷದಲ್ಲಿ, ತಾತ ಎಂಟು ವರ್ಷದಲ್ಲಿ. ಈ ಮಾತು ನಮ್ಮ ಬಾಯಿ ಕಟ್ಟಿಸಿತು. ಆದರೆ ಅಕ್ಕ ಒಪ್ಪಲಿಲ್ಲ. ಉಮ್ಮ ದೇವನಿಗೆ ಕೊಟ್ಟ ಮಾತನ್ನು ನಾವು ಯಾರು ಮುರಿಯಲು ಎಂದಳು. ಇಬ್ಬರು ಉಸ್ತಾದರನ್ನು ಕೇಳಿದೆವು. ಒಬ್ಬರು ಹರಕೆ ತೀರಿಸಲೇಬೇಕೆಂದರು, ಇನ್ನೊಬ್ಬರು ತೀರಿಸಬಾರದೆಂದರು. ಅಣ್ಣ ಮತ್ತು ಅಕ್ಕ ಏಳು ತಿಂಗಳು ಮಾತು ಬಿಟ್ಟಿದ್ದರು. ಈ ನಡುವೆ ಅಕ್ಕನ ಮಗಳ ನಿಕಾಹ್ ನಡೆಯಿತು. ಅಣ್ಣ ಬಂದ, ಹಿಂದಿನ ಸಾಲಿನಲ್ಲಿ ಕೂತು ಎದ್ದುಹೋದ. ಊರಿನ ಜಮಾಅತಿನಲ್ಲೂ ಆ ಹೊತ್ತಿಗೆ ಇದೇ ವಿಷಯ ಬೆಳೆದು, ಒಂದು ಗುಂಪು ಬೇರೆ ಮಸೀದಿ ಕಟ್ಟಿಕೊಂಡಿತ್ತು. ಎರಡು ಮಸೀದಿಗಳ ಬಾಂಗು ಈಗ ಒಂದೂವರೆ ನಿಮಿಷದ ಅಂತರದಲ್ಲಿ ಕೇಳುತ್ತದೆ. ಪ್ರವಾದಿಯವರು ಹುಟ್ಟಿದ ದಿನದ ಬಗ್ಗೆ ವಾದಿಸಿ ಅವರು ಜೋಡಿಸಿದ ರಕ್ತಸಂಬಂಧ ಕಡಿದುಕೊಂಡವರು ನಮ್ಮೂರಿನಲ್ಲೇ ಹತ್ತಾರು ಮನೆಯವರಿದ್ದಾರೆ. ಸಂಬಂಧ ಕಡಿಯುವುದು ಮಹಾಪಾಪವೆಂಬುದರಲ್ಲಿ ಮಾತ್ರ ಎರಡೂ ಮಸೀದಿಗಳಿಗೆ ಭಿನ್ನಾಭಿಪ್ರಾಯವಿಲ್ಲ.

ಅಕ್ಕನ ಹಟದ ಹಿಂದೆ ಇನ್ನೊಂದು ಸಂಗತಿ ಇತ್ತು, ಅದು ನಮಗೆ ಕಂಡದ್ದು ನಿಧಾನವಾಗಿ. ಮಸೀದಿಯಲ್ಲಿ ನಮ್ಮ ಹೆಂಗಸರಿಗೆ ಜಾಗವಿರಲಿಲ್ಲ. ಮದ್ರಸದ ವೇದಿಕೆ ಋತುಮತಿಯಾದ ಮೇಲೆ ಹುಡುಗಿಯರಿಗೆ ಮುಚ್ಚುತ್ತಿತ್ತು. ಮೆರವಣಿಗೆಯನ್ನು ಅವರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಮನೆಯ ಮೌಲೂದ್ ಒಂದೇ ಅವರದ್ದು. ಗಂಡಸರದ್ದು ಮುಗಿದ ಮರುದಿನ ಮಧ್ಯಾಹ್ನ ಹೆಂಗಸರು ಸೇರಿ ತಾವೇ ಓದುತ್ತಿದ್ದರು. ಕೋಝಿಕ್ಕೋಡಿನ ಖಾಝಿ ಮುಹಮ್ಮದರು 1607ರಲ್ಲಿ ಬರೆದ ಮುಹ್ಯಿದ್ದೀನ್ ಮಾಲೆಯನ್ನು ಅಕ್ಷರ ಬಾರದ ಅಜ್ಜಿಯರೂ ಬಾಯಿಪಾಠ ಹೇಳುತ್ತಿದ್ದರು. ಅಕ್ಕ ಹನ್ನೆರಡನೆಯ ವಯಸ್ಸಿಗೆ ಮೌಲೂದನ್ನು ಕಿತಾಬು ನೋಡದೆ ಓದಬಲ್ಲವಳಾಗಿದ್ದಳು. ಆ ಮಧ್ಯಾಹ್ನ ಅವಳೇ ಉಸ್ತಾದ್. ಸುಧಾರಣೆಯ ಹೆಸರಿನಲ್ಲಿ ಮೌಲೂದ್ ನಿಲ್ಲಿಸಿದವರು, ಹೆಂಗಸರಿಗೆ ಮಸೀದಿಯ ಬಾಗಿಲು ತೆರೆದರು, ಅದನ್ನು ನಾವು ಮೆಚ್ಚುತ್ತೇವೆ. ಆದರೆ ಅಲ್ಲಿ ಅವರು ಕೇಳುವವರು ಮಾತ್ರ. ಸಂಪ್ರದಾಯದ ಹೆಸರಿನಲ್ಲಿ ಮೀಲಾದನ್ನು ಬೀದಿಗೆ ತಂದು ದೊಡ್ಡದು ಮಾಡಿದವರೂ ಮನೆಯೊಳಗಿನ ಆ ಮಧ್ಯಾಹ್ನವನ್ನು ಸಣ್ಣದು ಮಾಡಿದರು. ಎರಡೂ ಕಡೆಯವರ ಕರಪತ್ರಗಳಲ್ಲಿ ಹೆಂಗಸರ ಮೌಲೂದಿನ ಬಗ್ಗೆ ಪರ ವಿರೋಧ ಒಂದು ಸಾಲೂ ನಮಗೆ ಕಂಡಿಲ್ಲ.

ಬೀದಿಯ ವಿಷಯಕ್ಕೆ ಬಂದರೆ, ಇಂದಿನ ಮೆರವಣಿಗೆಗಳನ್ನು ನೋಡಿದಾಗ ಅಣ್ಣನ ಪಕ್ಷಕ್ಕೆ ಸೇರಿಬಿಡೋಣ ಅನ್ನಿಸುವುದುಂಟು. ದಫ್ ಇದ್ದಲ್ಲಿ ಡಿಜೆ ಬಂದಿದೆ. ಹುಡುಗರು ಬೈಕಿನ ಸೈಲೆನ್ಸರ್ ಕಿತ್ತು ಸ್ವಲಾತ್ ಹೇಳುತ್ತಾರೆ. ಫ್ಲೆಕ್ಸಿನಲ್ಲಿ ಹಸಿರು ಗುಂಬಝ್‌ಗಿಂತ ರಾಜಕಾರಣಿಯ ಮುಖ ದೊಡ್ಡದು. 2024ರಲ್ಲಿ ಮೀಲಾದ್ ಮೆರವಣಿಗೆಯ ಡಿಜೆ ಮತ್ತು ಲೇಸರ್ ವಿರುದ್ಧ ಅರ್ಜಿ ಬಂದಾಗ, ಗಣೇಶೋತ್ಸವದಲ್ಲಿ ಹಾನಿಕರವಾದದ್ದು ಈದ್ ಮೆರವಣಿಗೆಯಲ್ಲೂ ಹಾನಿಕರವೇ ಎಂದು ಬಾಂಬೆ ಹೈಕೋರ್ಟ್ ಹೇಳಿತು. ನ್ಯಾಯಾಲಯ ಹೇಳುವವರೆಗೆ ನಾವು ಕಾಯಬೇಕಾಗಿರಲಿಲ್ಲ. ಹೃದ್ರೋಗಿಯೊಬ್ಬರ ಮನೆ ಮುಂದೆ ನಿಂತು ಗಾಜು ನಡುಗಿಸುವುದು ಯಾವ ಪ್ರವಾದಿಯ ಸುನ್ನತ್?

ಆದರೆ ಇಲ್ಲಿ ಇನ್ನೊಂದು ಮಾತೂ ಇದೆ. ಮೀಲಾದಿನ ದಿನಕ್ಕೆ 1990ರಲ್ಲಿ ವಿ.ಪಿ. ಸಿಂಗ್ ಪ್ರಧಾನಿಯಾಗಿದ್ದಾಗ ದೇಶದಾದ್ಯಂತ ರಜೆ ಘೋಷಣೆಯಾಯಿತು. ಆಗ ಅದನ್ನು ಈ ದೇಶದಲ್ಲಿ ನಮ್ಮ ಲೆಕ್ಕವೂ ಇದೆ ಎಂಬ ಗುರುತಾಗಿ ಅನೇಕರು ಸ್ವೀಕರಿಸಿದರು. ಈಗ ಅದೇ ದಿನ ಬಂತೆಂದರೆ ಎದೆ ಢವಗುಟ್ಟುತ್ತದೆ. 2023ರ ಅಕ್ಟೋಬರ್ 1ರಂದು ಶಿವಮೊಗ್ಗದ ರಾಗಿಗುಡ್ಡದಲ್ಲಿ ಮೆರವಣಿಗೆಯ ವೇಳೆ ಕಲ್ಲು ತೂರಾಟವಾಗಿ ನಿಷೇಧಾಜ್ಞೆ ಹೇರಬೇಕಾಯಿತು. 2025ರ ಸೆಪ್ಟೆಂಬರಿನಲ್ಲಿ, ಪ್ರವಾದಿಯವರು ಹುಟ್ಟಿ ಹಿಜ್ರಿ ಲೆಕ್ಕದಲ್ಲಿ 1500 ವರ್ಷ ತುಂಬಿತೆಂದು ಎಲ್ಲೆಡೆ ಸಂಭ್ರಮವಿದ್ದಾಗ, ಕಾನ್ಪುರದಲ್ಲಿ ಪ್ರವಾದಿಪ್ರೀತಿ ಸಾರುವ ಒಂದು ಬ್ಯಾನರಿನ ವಿವಾದ ಪೊಲೀಸ್ ಮೊಕದ್ದಮೆಯಾಗಿ ಹಲವು ಊರುಗಳಿಗೆ ಹರಡಿತು. ಇಂಥ ಹೊತ್ತಿನಲ್ಲಿ ಮೀಲಾದ್ ಬಿದ್ಅತ್ ಎಂದು ಮನೆಯೊಳಗೆ ಹೇಳುವುದು ಒಂದು. ಬೀದಿಯಲ್ಲಿ ಹೇಳಿದರೆ ಅದು ಬೇರೆ ಯಾರಿಗೋ ಉಪಯೋಗಕ್ಕೆ ಬರುತ್ತದೆ. ಅಣ್ಣನಿಗೂ ಇದು ಗೊತ್ತು. 2025ರಲ್ಲಿ ಅವನು ತನ್ನ ವಾಟ್ಸಾಪ್ ಗುಂಪಿಗೆ ಎಂದಿನ ಲೇಖನ ಕಳಿಸಲಿಲ್ಲ.

ನಮಗೆ ಸಮಾಧಾನ ಕೊಟ್ಟದ್ದು ಮುಂಬಯಿಯವರು. 2023, 2024, 2025ರಲ್ಲಿ ಮೀಲಾದ್ ಗಣೇಶ ವಿಸರ್ಜನೆಯ ದಿನಕ್ಕೋ ಅದರ ಅಕ್ಕಪಕ್ಕಕ್ಕೋ ಬಂತು. ಮೂರು ವರ್ಷವೂ ಅಲ್ಲಿನ ಮುಸ್ಲಿಮರು ತಮ್ಮ ದೊಡ್ಡ ಮೆರವಣಿಗೆಯನ್ನು ಮುಂದೂಡಿದರು: ಸೆಪ್ಟೆಂಬರ್ 29ಕ್ಕೆ, 18ಕ್ಕೆ, 8ಕ್ಕೆ. ಕೆಲವರು ಇದನ್ನು ಸೋಲೆಂದು ಗೊಣಗಿದರು. ನಮಗೆ ಇರ್ಬಿಲಿನ ದೊರೆ ನೆನಪಾದ. ನಮಾಝಿನ ಹೊತ್ತನ್ನೋ ಈದಿನ ದಿನವನ್ನೋ ಯಾರ ಅನುಕೂಲಕ್ಕೂ ಹೀಗೆ ಮುಂದೂಡಲಾಗುವುದಿಲ್ಲ. ಮೀಲಾದನ್ನು ಮುಂದೂಡಬಹುದು ಎನ್ನುವುದರಲ್ಲೇ ಅದು ಎಂಥ ಆಚರಣೆ ಎಂಬುದಕ್ಕೆ ಉತ್ತರವಿದೆ. ಅದು ಶರೀಅತ್ತಿನ ವಿಧಿಯಲ್ಲ, ಜನ ಪ್ರೀತಿಯಿಂದ ಕಟ್ಟಿಕೊಂಡ ವಾಡಿಕೆ. ವಾಡಿಕೆಯಾದ್ದರಿಂದ ಮಾಡದವನನ್ನು ದೂಷಿಸುವಂತಿಲ್ಲ, ಮಾಡುವವನು ಹೇಗೆ ಬೇಕಾದರೂ ಮಾಡುವಂತಿಲ್ಲ.

ಪ್ರವಾದಿಯವರು ಸ್ವತಃ ತಮ್ಮ ಜನ್ಮದಿನವನ್ನು ನೆನೆದದ್ದಕ್ಕೆ ಒಂದು ದಾಖಲೆಯಿದೆ. ಸೋಮವಾರದ ಉಪವಾಸದ ಬಗ್ಗೆ ಕೇಳಿದಾಗ, ಅದು ತಾವು ಹುಟ್ಟಿದ ದಿನ, ದಿವ್ಯವಾಣಿ ಬಂದ ದಿನ ಎಂದು ಅವರು ಹೇಳಿದ್ದಾಗಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಇದನ್ನೂ ಎರಡೂ ಕಡೆಯವರು ಬಳಸುತ್ತಾರೆ. ಜನ್ಮದಿನಕ್ಕೆ ಆಧಾರ ಇಲ್ಲಿದೆ ಎಂದು ಒಬ್ಬರು, ವರ್ಷಕ್ಕೊಮ್ಮೆ ಅಲ್ಲ ವಾರಕ್ಕೊಮ್ಮೆ, ಊಟ ಅಲ್ಲ ಉಪವಾಸ ಎಂದು ಇನ್ನೊಬ್ಬರು. ನಮಗೆ ಎರಡೂ ಸರಿ ಕಾಣುತ್ತದೆ. ಆದರೆ ಸೋಮವಾರ ಉಪವಾಸವಿರುವವರು ನಮ್ಮೂರಿನ ಎರಡು ಮಸೀದಿಗಳಲ್ಲೂ ಬೆರಳೆಣಿಕೆಯಷ್ಟು. ಅಣ್ಣ ಅವರಲ್ಲೊಬ್ಬ. ಉಮ್ಮನೂ ಇದ್ದರು.

ಎರಡು ಮರಗಳ ಕತೆ ಹೇಳಿ ಮುಗಿಸುತ್ತೇವೆ. ಒಂದು ಮರ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಹೋಯಿತು. ಅದರ ಪರಿಹಾರದ ಹಣ ಬಂದಾಗ ಅಣ್ಣ ಹೇಳಿದಂತೆ ಅನಾಥಾಲಯಕ್ಕೆ ಕೊಟ್ಟೆವು, ಅಕ್ಕ ಅಡ್ಡ ಹೇಳಲಿಲ್ಲ. ಇನ್ನೊಂದು ಮರ ಇದೆ, ಎತ್ತರವಾಗಿದೆ, ಹತ್ತುವವರು ಸಿಗುವುದಿಲ್ಲ. ಅದರ ಕಾಯಿ ಮಾರಿದ ಹಣ ಈಗ ತುಪ್ಪಕ್ಕೂ ಸಾಲದು, ಉಳಿದದ್ದನ್ನು ನಾವು ಮೂವರು ಹಾಕುತ್ತೇವೆ. ಮೂವರು ಅಂದರೆ ಅಣ್ಣನೂ ಸೇರಿ. ಹಸಿದವರಿಗೆ ಉಣಿಸುವುದಕ್ಕೆ ಫತ್ವಾ ಬೇಡ ಎನ್ನುವುದು ಅವನ ನಿಲುವು. ರಬೀಉಲ್ ಅವ್ವಲಿನ ಒಂದು ಮಧ್ಯಾಹ್ನ ಅಕ್ಕ ಒಳಕೋಣೆಯಲ್ಲಿ ಕೂತು ಮೌಲೂದ್ ಓದುತ್ತಾಳೆ. ಅಣ್ಣ ಅದು ಮುಗಿದ ಮೇಲೆ ಬರುತ್ತಾನೆ, ಬಡಿಸಲು ನಿಲ್ಲುತ್ತಾನೆ. ಒಮ್ಮೊಮ್ಮೆ ಬೇಗ ಬಂದು ಅಂಗಳದಲ್ಲಿ ಮರದ ಬುಡ ಬಿಡಿಸುತ್ತ ನಿಂತಿರುವುದೂ ಇದೆ. ಒಳಗಿನ ಓದು ಅಲ್ಲಿಗೆ ಕೇಳುತ್ತದೆ.

ಅಕ್ಕನಿಗೆ ಅರವತ್ತೆಂಟು. ಅವಳ ಮಗಳಂದಿರು ಪದವಿ ಓದಿದವರು, ಒಬ್ಬಳು ಅರಬಿಯಲ್ಲೇ ಸ್ನಾತಕೋತ್ತರ ಮಾಡಿದ್ದಾಳೆ. ಮೌಲೂದಿನ ಅರ್ಥವನ್ನು ಪದಪದವಾಗಿ ಬಿಡಿಸಿ ಹೇಳಬಲ್ಲಳು, ರಾಗ ಬರುವುದಿಲ್ಲ. ಅಕ್ಕನ ನಂತರ ಆ ಮಧ್ಯಾಹ್ನ ಯಾರು ಓದುತ್ತಾರೆ ಎಂಬುದನ್ನು ನಾವು ಇನ್ನೂ ಮಾತಾಡಿಲ್ಲ.